ತಾರಸಿಯ ಮೇಲಿನ ಮದುವೆಗಳು

ಬೇಸಿಗೆಯ ಬೆಳಗುಗಳಲ್ಲಿ ಅವರ ಬಲಗೈಯ ತೋರುಬೆರಳು ಯಾವಾಗಲೂ ಹಳದಿಯಾಗಿರುತ್ತಿತ್ತು. ಹೊಸ್ತಿಲಿಗೆ ಅರಿಶಿನ ಹಚ್ಚಿ ಬಂದಿದ್ದಾರೆಂದು ಮೊದಲು ನಾನು ಭಾವಿಸಿದ್ದೆ. ಅದು ಕುಂಬಳದ ಗಂಡುಹೂವಿನ ಪರಾಗವೆಂದು ತಿಳಿದದ್ದು ಆಮೇಲೆ. ಆ ಬೆರಳನ್ನು ಆಡಿಸಿಯೇ ಅವರು ಬಾಡಿಗೆಯವರನ್ನು ಗದರಿಸುತ್ತಿದ್ದರು. ಅದರಿಂದಲೇ ಆಕಾಶವನ್ನು ತೋರಿಸಿ, "ನೋಡವ್ವ, ಒಂದು ಮೋಡಕ್ಕಾದ್ರೂ ನಾಚ್ಕೆ ಐತಾ?" ಎನ್ನುತ್ತಿದ್ದರು. ಕೆನ್ನೆ ತುರಿಸಿಕೊಂಡರೆ ಕೆನ್ನೆಯೂ ಹಳದಿ.

ಹೆಬ್ಬಗೋಡಿಯ ಅವರ ಮನೆಯ ತಾರಸಿಯಲ್ಲಿದ್ದ ಒಂಟಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಎಲ್ಲರಂತೆ ನಾನೂ ಅವರನ್ನು 'ಓನರ್ ಅಕ್ಕ' ಎಂದು ಕರೆಯುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಯಾವ ಮಾತು ಎಲ್ಲಿ ತಪ್ಪಾದೀತೋ ಎಂಬ ಅಂಜಿಕೆಯಿಂದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೇ ಬಾಯಿ ತೆರೆಯುತ್ತಿದ್ದೆ. ಇತರರ ತಪ್ಪು ಕಂಡರೂ ತಿದ್ದದೆ ಇರಲಾಗುತ್ತಿರಲಿಲ್ಲ. "ನೀನು ಮಾತಾಡಿದ್ರೆ ರೇಡಿಯೋದಾಗೆ ವಾರ್ತೆ ಓದ್ದಂಗಿರ್ತದೆ ಕಣವ್ವ. ಮಳೆ ಯಾವಾಗ ಅಂತಾನೂ ಹೇಳ್ಬಿಡು," ಎಂದು ಅವರು ನಗುತ್ತಿದ್ದರು.

ಆ ತಾರಸಿಯೇ ಅವರ ತೋಟ. ಪೇಂಟಿನ ಡಬ್ಬಗಳಲ್ಲಿ ಬದನೆ, ಮೆಣಸಿನಕಾಯಿ. ಅಡ್ಡ ಸೀಳಿದ ನೀಲಿ ಡ್ರಮ್ಮುಗಳಲ್ಲಿ ದಂಟು, ಬಸಳೆ. ನೀರಿನ ತೊಟ್ಟಿಯ ನೆರಳಿನಲ್ಲಿ ಗೊಬ್ಬರ ತುಂಬಿದ ದೊಡ್ಡ ಗೋಣಿಚೀಲ, ಅದರಿಂದ ಹೊರಟು ಕಂಬಿಗಳ ಮೇಲೆ ಹಬ್ಬಿದ ಸಿಹಿಗುಂಬಳದ ಬಳ್ಳಿ. ಯುಗಾದಿ ಕಳೆದು ಕೊಳವೆಬಾವಿ ಬತ್ತಿ, ಟ್ಯಾಂಕರ್ ನೀರು ಬರತೊಡಗಿದಾಗ ಅಕ್ಕನ ಯಜಮಾನರು, "ಈ ನೀರು ಗಿಡಕ್ಕೆ ಮುಟ್ಟಿಸ್ಕೂಡ್ದು," ಎಂದು ಕಟ್ಟಪ್ಪಣೆ ಮಾಡಿದರು. ಅಕ್ಕ ಎದುರಾಡಲಿಲ್ಲ. ಮೆಟ್ಟಿಲ ಬುಡದಲ್ಲಿ ಒಂದು ಬಕೆಟ್ ಇಟ್ಟು, ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನೆಲ್ಲ ಬಾಡಿಗೆಯವರು ಅದಕ್ಕೇ ಸುರಿಯಬೇಕೆಂದು ತಮ್ಮದೊಂದು ಅಪ್ಪಣೆ ಹೊರಡಿಸಿದರು. ಮೊದಲ ಮಹಡಿಯಲ್ಲಿದ್ದ ರಾಯಚೂರಿನ ಹೆಂಗಸು ಒಮ್ಮೆ, "ಇವತ್ತ ರೊಟ್ಟಿ ಮಾಡೀನ್ರಿ ಅಕ್ಕಾರ, ಅಕ್ಕಿ ತೊಳದಿಲ್ಲ," ಎಂದಳು.

"ಅಂಗಾದ್ರೆ ನಾಳೆ ಎಲ್ಡು ಸಲ ತೊಳಿ!"

ಮಧ್ಯಾಹ್ನದ ಬಿಸಿಲಿಗೆ ತಾರಸಿಯ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಹತ್ತು ಗಂಟೆಯೊಳಗೆ ಅವರು ತಮ್ಮ ಹಳೆಯ ವಾಯಿಲ್ ಸೀರೆಗಳನ್ನು ಕಂಬಿಗಳಿಗೆ ಬಿಗಿದು ಗಿಡಗಳಿಗೆ ಚಪ್ಪರ ಹಾಕುತ್ತಿದ್ದರು, ಸಂಜೆ ಮಡಿಸಿಡುತ್ತಿದ್ದರು. ಹೂಬಳ್ಳಿಯ ಅಂಚಿನ ಒಂದು ನೇರಳೆ ಸೀರೆಯನ್ನು ತೋರಿಸಿ, "ಇದು ನಾನು ಉಟ್ಟಿದ್ದು ಎಲ್ಡೇ ಸಲ. ಬದನೆಗಿಡ ನನಗಿಂತ ಚೆಂದಾಗಿ ಉಡ್ತದೆ," ಎಂದಿದ್ದರು.

ಆ ವರ್ಷ ಇಷ್ಟೆಲ್ಲ ಪಾಡಿಗೆ ಒಂದು ಕಾರಣವಿತ್ತು. ಅವರ ಒಬ್ಬಳೇ ಮಗಳನ್ನು ಮಾಲೂರಿನ ಕಡೆಯ ತರಕಾರಿ ತೋಟದವರ ಮನೆಗೆ ಕೊಟ್ಟಿದ್ದರು. ಮಗಳ ಅತ್ತೆ, ಅಂದರೆ ಅಕ್ಕನ ಬೀಗಿತ್ತಿ, ಎತ್ತರದ ಆಳು, ಎತ್ತರದ ದನಿ. ಸಂಕ್ರಾಂತಿಗೆ ಬಂದಿದ್ದಾಗ ತಾರಸಿ ನೋಡದೆಯೇ, ನೆಂಟರ ನಡುವೆ, "ಏನ್ ಬೀಗ್ರೇ, ಪೇಂಟ್ ಡಬ್ಬದಾಗೆ ಬದ್ನೆಕಾಯಂತೆ? ಸಾರು ಯಾವ ಕಲರ್ ಬತ್ತದೆ?" ಎಂದು ಕೇಳಿದ್ದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಆದರೆ ಮಗಳನ್ನು ಆ ಮನೆಯಲ್ಲಿ 'ಡಬ್ಬದ ತೋಟದೋರ ಮಗಳು' ಎಂದೇ ಕರೆಯುತ್ತಾರೆಂದು ತಿಳಿದಾಗ ಅವರ ನಗು ನಿಂತಿತು. "ಸೀಮಂತಕ್ಕೆ ಬನ್ನಿ ಬೀಗ್ರೇ," ಎಂದು ಫೋನಿನಲ್ಲಿ ಹೇಳಿದರು, "ಎಲೆ ಮ್ಯಾಲೆ ಅಂಗಡಿ ತರಕಾರಿ ಒಂದು ಚೂರು ಕಂಡ್ರೂ ನನ್ನ ಹೆಸ್ರು ಹಿಡಿದು ಕರೀಬೇಡಿ."

ಸೀಮಂತ ನಿಶ್ಚಯವಾದದ್ದು ವೈಶಾಖದ ಕಡೆಯಲ್ಲಿ, ಬಿಸಿಲು ಬಲಿತು ನಿಂತ ಕಾಲದಲ್ಲಿ. ಬಸುರಿ ಮಗಳು ಆಸೆಪಟ್ಟಿದ್ದು ಎಳೆಗುಂಬಳದ ಪಲ್ಯ. ಬಳ್ಳಿಯ ತುಂಬ ಹೂವೇನೋ ಇತ್ತು. ಆದರೆ ಆ ಸುಡುವ ತಾರಸಿಗೆ ಜೇನ್ನೊಣ ಬರುತ್ತಿರಲಿಲ್ಲ. ಅಕ್ಕನ ಒಂಟಿ ಬೆರಳು ಸಾಲದೆ ಮಿಡಿಗಳು ಹಳದಿಗೆ ತಿರುಗಿ ಉದುರುತ್ತಿದ್ದವು.

ಒಂದು ಮುಂಜಾನೆ ಅವರು ನನ್ನ ಬಾಗಿಲು ಬಡಿದರು. "ಎದ್ದೇಳವ್ವ, ಮದುವೆ ಐತೆ." ಕಂಪನಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಣ್ಣುಜ್ಜಿಕೊಂಡು ಹೊರಬಂದೆ. "ಡಿಗ್ರಿ ಮಾಡಿದ್ದೀಯಲ್ಲ, ಇದ್ರಾಗೆ ಹೆಣ್ಣು ಯಾವ್ದು ಹೇಳು." ನಾನು ಬಹಳ ಯೋಚಿಸಿ ಅತಿ ದೊಡ್ಡದಾಗಿ ಅರಳಿದ ಹೂವನ್ನು ತೋರಿಸಿದೆ. "ಅದು ಗಂಡು! ಮೆರಿಯೋದೆಲ್ಲ ಹೆಣ್ಣು ಅನ್ಕೊಂಡ್ಯಾ?" ಹೂವಿನ ಹಿಂದೆ ಗೋಲಿಯಷ್ಟು ಕಾಯಿ ಇದ್ದರೆ ಹೆಣ್ಣು. ಗಂಡುಹೂವಿನ ಹಳದಿಯನ್ನು ಬೆರಳ ತುದಿಗೆ ತಾಗಿಸಿಕೊಂಡು ಹೆಣ್ಣುಹೂವಿನ ನಡುವೆ ಮೆಲ್ಲಗೆ ಒತ್ತಬೇಕು. ಬಿಸಿಲೇರಿದರೆ ಹೂ ಮುಚ್ಚಿ ಮುಹೂರ್ತ ಮೀರುತ್ತದೆ. ಅಂದಿನಿಂದ ನಾವಿಬ್ಬರೂ ದಿನವೂ ಮದುವೆ ಮಾಡಿಸಿದೆವು. ಕೊನೆಗೂ ಕೆಲವು ಮಿಡಿಗಳು ನಿಂತವು. ಅವು ತೂಗಿ ಕಳಚದಂತೆ ಸೀರೆಯ ಚೂರಿನಲ್ಲಿ ಅಕ್ಕ ಜೋಲಿ ಕಟ್ಟಿದರು.

ಸೀಮಂತದ ದಿನ ಬೀಗಿತ್ತಿ ಭರ್ತಿ ಚೀಲವೊಂದನ್ನು ಹೊರಿಸಿಕೊಂಡು ಬಂದರು. "ಅಲಸಂದೆಕಾಯಿ, ಬೀಗ್ರೇ! ನಮ್ಮ ತೋಟದ್ದು. ಬೆಳಗ್ಗೆ ಕಿತ್ತಿದ್ದು, ಇನ್ನೂ ಉಸಿರಾಡ್ತಾವೆ!" ಎಂದು ನೆರೆದವರಿಗೆಲ್ಲ ಕೇಳುವಂತೆ ಸಾರಿದರು.

ಅಡುಗೆಮನೆಯಲ್ಲಿ ಚೀಲ ಬಿಚ್ಚಿದಾಗ ಅಕ್ಕನ ಕೈ ನಿಂತಿತು. ಪ್ರತಿ ಕಟ್ಟಿಗೂ ಕೆಂಪು ರಬ್ಬರ್ ಬ್ಯಾಂಡ್. ತೋಟದವರು ಬಾಳೆನಾರಿನಲ್ಲಿ ಕಟ್ಟುತ್ತಾರೆ. ರಬ್ಬರ್ ಬ್ಯಾಂಡ್ ಹಾಕುವುದು ನಗರದ ಅಂಗಡಿಗಳಲ್ಲಿ. ನನಗೂ ಅರ್ಥವಾಯಿತು. "ಅಕ್ಕಾ, ಇವು ತೋಟದವಲ್ಲ, ಅಂಗಡಿಯ..." ಎನ್ನುವಷ್ಟರಲ್ಲಿ ಕೊಬ್ಬರಿಯ ಚೂರೊಂದು ನನ್ನ ಬಾಯಿಗೆ ಬಿತ್ತು.

"ಸರಿ ಐತೆ ಅಂತ ಎಲ್ಲಾನೂ ಹೇಳ್ಬಾರ್ದು ಕಣವ್ವ. ಹೆಚ್ಚು, ಬೇಗ ಹೆಚ್ಚು."

ಹೊರಗೆ ಹತ್ತಾರು ನೆಂಟರು. ಸಂಕ್ರಾಂತಿಯಂದು ನಕ್ಕವರೇ ಎಲ್ಲರೂ. ಅವರ ಮುಂದೆ ಆ ಒಂದು ಕಟ್ಟನ್ನು ಎತ್ತಿ ಹಿಡಿದಿದ್ದರೆ ಸಾಕಿತ್ತು. ಅಕ್ಕ ಬ್ಯಾಂಡುಗಳನ್ನು ಒಂದೊಂದಾಗಿ ಕಳಚಿ, ಕೈಗೆ ಏರಿಸಿಕೊಂಡು, ಅಲಸಂದೆಕಾಯಿಯನ್ನು ಹುಳಿಗೆ ಹಾಕಿದರು.

"ಹಾಗಾದರೆ ನೀವು ಕೊಟ್ಟ ಮಾತು?" ಎಂದೆ.

"ಮಾತಿಗೇನು, ನಾಳೆ ಇನ್ನೊಂದು ಆಡಾನ."

ಊಟ ಸೊಗಸಾಗಿತ್ತು. ಪಲ್ಯವನ್ನು ಮಗಳು ಮೂರು ಸಲ ಹಾಕಿಸಿಕೊಂಡಳು. ಯಾರೋ ಹುಳಿಯನ್ನು ಹೊಗಳಿದಾಗ ಅಕ್ಕ, "ಅದು ಬೀಗ್ರ ತೋಟದ ರುಚಿ," ಎಂದರು. ಬೀಗಿತ್ತಿ ತಲೆ ಎತ್ತದೆ ಉಂಡರು.

ಸಂಜೆ ಬೀಗಿತ್ತಿ ತಾವಾಗಿಯೇ, "ಎಲ್ಲಿ, ನಿಮ್ಮ ಡಬ್ಬ ತೋರ್ಸಿ," ಎಂದು ಮೇಲೆ ಬಂದರು. ಜೋಲಿಯಲ್ಲಿ ಮಲಗಿದ್ದ ಕಾಯನ್ನು ಕಂಡು ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. "ಇದು ಎಂಗೆ ನಿಂತ್ಕಂತು? ನಮ್ಮಲ್ಲಿ ಬಿಸ್ಲಿಗೆ ಒಂದು ಮಿಡೀನೂ..." ಎಂದವರು ತಟ್ಟನೆ ತುಟಿ ಕಚ್ಚಿಕೊಂಡರು. ಬಳ್ಳಿ ಸರಿಸಿ ತೋರಿಸಲು ಅಕ್ಕ ಕೈ ಚಾಚಿದರು. ಹಸಿರು ಗಾಜಿನ ಬಳೆಗಳ ನಡುವೆ ಕೆಂಪು ಬ್ಯಾಂಡುಗಳ ಸಾಲು, ತೆಗೆಯುವುದನ್ನೇ ಮರೆತಿದ್ದರು.

ಬೀಗಿತ್ತಿ ಅದನ್ನೇ ನೋಡಿದರು. "ಇದ್ಯಾವ ನಮೂನೆ ಬಳೆ, ಬೀಗ್ರೇ?"

ಅಕ್ಕ ಬಳ್ಳಿ ಸರಿಸುತ್ತಲೇ, "ನೀವೇ ತಂದಿದ್ದು," ಎಂದರು.

ಬೀಗಿತ್ತಿಯ ಭುಜಗಳು ಅಲುಗಿದವು. ಅಳುತ್ತಿದ್ದಾರೆಂದುಕೊಂಡೆ, ಅದು ನಗು. ಅವರು ಕಾದ ತಾರಸಿಯ ಮೇಲೆ ರೇಷ್ಮೆಸೀರೆಯಲ್ಲೇ ಕುಸಿದು ಕುಳಿತು ನಕ್ಕರು. "ಗೊತ್ತಿದ್ದೂ ಹುಳಿಗೆ ಹಾಕಿದ್ರಾ?"

"ಚೆಂದಾಗಿತ್ತು ತಾನೆ?"

"ಇವತ್ತು ಇಲ್ಲೇ ಇರ್ತೀನಿ. ಈ ಮದುವೆ ಅದೆಂಗೆ ಮಾಡುಸ್ತೀರೋ ನಂಗೂ ತೋರ್ಸಿ."

ಮರುದಿನ ನನ್ನನ್ನು ಎಬ್ಬಿಸಿದ್ದು ಇಬ್ಬರ ಜಗಳ. ಒಂದೇ ಗಂಡಿಗೆ ಎಷ್ಟು ಹೆಣ್ಣು ಕೊಡಬಹುದೆಂಬುದು ವಾದದ ವಿಷಯ. ಮಗಳು ಕವುಚಿದ ಡಬ್ಬದ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. 'ಡಬ್ಬದ ತೋಟದೋರ ಮಗಳು' ಎಂಬ ಹೆಸರು ಆಕೆಗೆ ಹಾಗೇ ಉಳಿಯಿತು. ಆದರೆ ಆಮೇಲೆ ಅದನ್ನು ಅತ್ತೆಯೇ ಊರಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರಂತೆ.

ಅಕ್ಕ ತೀರಿಕೊಂಡದ್ದು ಕೆಲವು ವರ್ಷಗಳ ನಂತರ, ಮೊದಲ ಮಳೆ ಬಿದ್ದ ವಾರದಲ್ಲಿ. ಆ ವೇಳೆಗೆ ನಾನು ಮಾರತ್ತಹಳ್ಳಿಗೆ ಮನೆ ಬದಲಿಸಿದ್ದೆ. ತಿಥಿಯ ಊಟಕ್ಕೆ ಹೋದಾಗ ಪಂಕ್ತಿಯಲ್ಲಿ ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಹುಳಿ ಬಡಿಸುತ್ತಿದ್ದ ಬೀಗಿತ್ತಿ ನಡುವೆ ನಿಂತು, ಅದೇ ಎತ್ತರದ ದನಿಯಲ್ಲಿ, "ಸೀಮಂತದ ದಿನ ನಾನು ತಂದಿದ್ದು ಅಂಗಡಿ ಅಲಸಂದೆಕಾಯಿ," ಎಂದರು. "ನಾನಾಗಿದ್ರೆ ಮೈಕ್ ಹಿಡ್ಕೊಂಡು ಹೇಳ್ತಿದ್ದೆ. ಈ ಮಾರಾಯ್ತಿ ಸಾಯಗಂಟ ಬಾಯಿ ಬಿಡ್ಲಿಲ್ಲ."

ಮಗಳು ಬೆರಗಾಗಿ, "ಅಮ್ಮ ನಂಗೂ ಹೇಳಿಲ್ವಲ್ಲ ಅತ್ತೆ!" ಎಂದಳು. ತಪ್ಪು ಕಂಡರೆ ತಿದ್ದದೆ ಇರಲಾರದ ನಾನೂ ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅಕ್ಕನಿಂದ ನಾನು ಪಡೆದದ್ದು ಅದು.

ಮೊದಲು ನಕ್ಕವರು ಯಜಮಾನರು. ಆಮೇಲೆ ಪಂಕ್ತಿ ಪೂರ್ತಿ ನಕ್ಕಿತು. ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಪ್ರತಿ ಎಲೆಗೂ ಇನ್ನೊಂದೊಂದು ಸೌಟು ಹುಳಿ ಬಡಿಸುತ್ತ ಹೋದರು; ಬೇಡವೆಂದವರಿಗೂ.