ಎದುರಿನಿಂದ ಕಂಡ ಎತ್ತುಗಳು

ಮಕ್ಕಳೇ, ನಮ್ಮ ಪಡಸಾಲೆಯಲ್ಲಿರುವ ದನಗಳ ಚಿತ್ರವನ್ನು ನಿಮ್ಮ ಆಯಿಯೇ, ಈ ಅಜ್ಜಿಯೇ, ಬಿಡಿಸಿದಳೆಂದರೆ ನಾಳೆ ದೊಡ್ಡವರಾದ ಮೇಲೆ ನೀವು ನಂಬಲಿಕ್ಕಿಲ್ಲ. ನನಗೂ ಆಗಾಗ ನಂಬಿಕೆ ಬರುವುದಿಲ್ಲ. ಬಬಲೇಶ್ವರದ ಹತ್ತಿರ ನನ್ನ ತವರಿನ ಶಾಲೆಯಲ್ಲಿ ಒಮ್ಮೆ ಪಾಟಿಯ ಮೇಲೆ ಕಮಲ ಬಿಡಿಸಿದ್ದೆ. ಗುರುಗಳು ನೋಡಿ, “ಬದನೀಕಾಯಿ ಚಲೋ ಬಂದೈತಿ” ಎಂದರು. ನಾಚಿಕೆಯಿಂದ “ಹೌದ್ರಿ” ಎಂದುಬಿಟ್ಟೆ. ನನ್ನ ಚಿತ್ರಕಲೆ ಅಲ್ಲಿಗೇ ಮುಗಿದಿತ್ತು.

ಹೋದ ಬೇಸಿಗೆಯಲ್ಲಿ ನಿಮ್ಮಲ್ಲಿ ದೊಡ್ಡವಳು ಶಾಲೆಯಲ್ಲಿ ಬಳಸಿ ಉಳಿದ ಬಣ್ಣಗಳನ್ನೂ ಒಂದು ದಪ್ಪ ರಟ್ಟನ್ನೂ ನನ್ನ ಮುಂದಿಟ್ಟು, “ಆಯಿ, ಘೋಣಸಗಿ ಮನ್ಯಾಗಿನ ದನಾ ಹೆಂಗಿದ್ದವು, ತಗದು ತೋರಸು” ಎಂದಳು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವನ್ನೆಲ್ಲ ಮಾರಿ ನಾನು ಆ ಹಳ್ಳಿ ಬಿಟ್ಟು ವಿಜಯಪುರಕ್ಕೆ ಬಂದವಳು. ಅವುಗಳ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಅದಕ್ಕೇ ಕುಂಚ ಹಿಡಿದೆ. ಎಮ್ಮೆಯು ಟ್ರಂಕಿಗೆ ನಾಲ್ಕು ಕಾಲು ಹಚ್ಚಿದಂತೆ ಬಂತು. ಕೋಳಿ ಆಡಿಗಿಂತ ದೊಡ್ಡದಾಯಿತು. ಎತ್ತುಗಳ ಜೋಡಿ ಮಾತ್ರ, ಒಂದು ಬಿಳಿ, ಒಂದು ಕೆಂದು, ಅವೇ ಎದ್ದು ಬಂದು ನನ್ನೆದುರು ನಿಂತಂತಿದ್ದವು.

ಅದನ್ನು ನಿಮ್ಮಪ್ಪ ಪಡಸಾಲೆಯಲ್ಲಿ ತೂಗುಹಾಕಿದ. ನಾನು ಬಾಯಿಮಾತಿಗೆ “ಯಾಕ ಬೇಕಿತ್ತಪ್ಪಾ” ಎಂದೆ. ಒಳಗೆ ಮಾತ್ರ ಅದು ಅಲ್ಲಿಯೇ ಇರಲಿ, ಬಂದವರೆಲ್ಲ ನೋಡಲಿ ಎಂಬ ಆಸೆ. ಬಂದವರು ನೋಡಿದರು. “ಹುಡುಗಿ ಕೈ ಚಲೋ ಐತಿ ಬಿಡ್ರಿ” ಎಂದು ಮೊಮ್ಮಗಳ ಬೆನ್ನು ತಟ್ಟಿದರು. ಅವಳು ತಟ್ಟಿಸಿಕೊಂಡಳು. ನಾನು ಚಹಾ ಸೋಸಿದೆ.

ಒಂದು ದಿನ ನನ್ನ ಮೈದುನರು, ನಿಮ್ಮ ಅಜ್ಜನ ತಮ್ಮ, ಸುಟ್ಟುಹೋದ ಬಾವಿ ಮೋಟರನ್ನು ಸೊಲ್ಲಾಪುರ ರಸ್ತೆಯಲ್ಲಿ ರಿಪೇರಿಗೆ ಕೊಡಲು ಘೋಣಸಗಿಯಿಂದ ಬಂದರು. ಚಿತ್ರ ನೋಡಿದವರೇ ಹುಬ್ಬು ಗಂಟಿಕ್ಕಿದರು.

“ಯಾರು ತಗದಾರ ಇದನ? ನಮ್ಮ ಎತ್ತು ಅದಲಬದಲ ಆಗ್ಯಾವ. ಬಿಳೇದು ಯಾವಾಗಲೂ ಎಡಕ. ಇಲ್ಲಿ ಬಲಕ ಹೂಡ್ಯಾರ. ಹಿಂಗ ಹೂಡಿದ್ರ ಒಂದು ಸಾಲರ ನೆಟ್ಟಗ ಬರತೈತೇನು?”

“ನಾ ಅಲ್ಲ, ಆಯಿ ತಗದಾಳ” ಎಂದಳು ಮೊಮ್ಮಗಳು, ತಕ್ಷಣ.

“ವೈನಿ, ಇಷ್ಟ ವರ್ಷ ಅದ ಮನ್ಯಾಗ ಬಾಳೇ ಮಾಡಿ ಇಷ್ಟೂ ಗೊತ್ತಿಲ್ಲೇನ್ರಿ?” ಎಂದು ನಕ್ಕು ಅವರು ಮೋಟರಿನ ಕಡೆ ಹೋದರು.

ನನಗೆ ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ರಟ್ಟನ್ನು ಕೆಳಗಿಳಿಸಿ, ಕೆಂದ ಎತ್ತನ್ನು ಬಿಳಿ ಮಾಡೋಣವೆಂದು ಕುಂಚ ಅದ್ದಿದೆ. ಕೈ ಮುಂದೆ ಹೋಗಲಿಲ್ಲ. ಕಾರಹುಣ್ಣಿಮೆಗೆ ಅವುಗಳ ಕೊಂಬಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಕರೆತಂದಾಗ ನಾನು ಬಾಗಿಲಲ್ಲಿ ಆರತಿ ಹಿಡಿದು ನಿಲ್ಲುತ್ತಿದ್ದೆ. ಬಿಳಿ ಎತ್ತು ನನ್ನ ಬಲಗೈಯೊಳಗಿನ ಬೆಲ್ಲಕ್ಕೇ ನಾಲಿಗೆ ಚಾಚುತ್ತಿತ್ತು. ದಿನಾ ಸಂಜೆ ಹೊಲದಿಂದ ಬರುವಾಗಲೂ ಅದು ನನ್ನ ಬಲಕ್ಕೇ. ಬಿತ್ತುವಾಗ ಅವುಗಳ ಹಿಂದೆ ನಡೆದದ್ದುಂಟು, ಆಗ ನನ್ನ ಕಣ್ಣು ಕೈಯೊಳಗಿನ ಬೀಜದ ಮೇಲೆ.

ಮಧ್ಯಾಹ್ನ ಮೈದುನರು ಊಟಕ್ಕೆ ಕುಳಿತಾಗ ನಾನು ರೊಟ್ಟಿಯ ಬುಟ್ಟಿಗೆ ಹೇಳಿದಂತೆ ಹೇಳಿದೆ: “ನೀವು ಗಳೇ ಹೊಡೀತಾ ಹಿಂದಿನಿಂದ ನೋಡೀರಿ. ನಾ ಬಾಗಲದಾಗ ನಿಂತು ಮುಂದಿನಿಂದ ನೋಡೀನಿ.”

ಅವರ ಕೈಯ ತುತ್ತು ನಿಂತಿತು. ಎದ್ದು, ಎಡಗೈಯಿಂದ ರಟ್ಟನ್ನು ಎತ್ತಿ, ಬಣ್ಣದ ಮೈಯನ್ನು ನಮ್ಮ ಕಡೆ ತಿರುಗಿಸಿ, ತಾವು ಅದರ ಹಿಂದೆ ನೇಗಿಲು ಹಿಡಿದು ಗಳೆ ಹೊಡೆಯುವವರ ಹಾಗೆ ನಿಂತು ಮೇಲಿನಿಂದ ಬಗ್ಗಿ ನೋಡಿದರು.

“ಯಪ್ಪಾ! ಬಿಳೇದು ಎಡಕ ಐತಲ್ಲ!”

ಬಲಗೈಯಲ್ಲಿ ಪಲ್ಯ ಮೆತ್ತಿದ್ದರೂ ತಾವೇ ಚಿತ್ರವನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. ಕೂತು ಎರಡು ತುತ್ತು ಉಂಡ ಮೇಲೆ ಕೇಳಿದರು: “ಎತ್ತಿನ ಮಾತು ಒಪ್ಪಿದೆ. ಆದರ ವೈನಿ, ಆ ಟ್ರಂಕ್ ಯಾರದ್ರಿ?”

ಮರುವಾರ ಪಕ್ಕದ ಮನೆಯವರು ಬಂದು, “ಹುಡುಗಿ ಏನ್ ಚಂದ ತಗದಾಳ” ಎಂದರು. ಈ ಸಲ ನಾನು ಚಹಾ ಸೋಸುವುದನ್ನು ನಿಲ್ಲಿಸಿದೆ.

“ಎತ್ತು ನಾ ತಗದೀನ್ರಿ” ಎಂದೆ. ಅವರ ಕಣ್ಣು ಎಮ್ಮೆಯ ಕಡೆ ಹೊರಳಿದ್ದನ್ನು ಕಂಡು ಕೂಡಲೇ ಸೇರಿಸಿದೆ: “ಎಮ್ಮಿ ಆಕೀದು.”