ಬರೆ ನೋಡಿ ಬೀಗ ತೆಗೆಯುತ್ತಿದ್ದವರು

ಮಡಿಕೇರಿಯಲ್ಲಿ ನನಗೆ ಮೊದಲ ಬಾಡಿಗೆ ಮನೆ ಹುಡುಕಿಕೊಟ್ಟ ಬ್ರೋಕರ್ ಎಲ್ಲಿಯೂ ನೇರ ಮುಂಬಾಗಿಲಿಗೆ ಹೋಗುತ್ತಿರಲಿಲ್ಲ. "ಮೊದಲು ಹಿಂದೆ ನೋಡುವ ಸಾರ್, ಮತ್ತೆ ಬೀಗ ತೆಗೆಯುವ" ಎನ್ನುತ್ತಾ, ಮನೆಗಾಗಿ ಗುಡ್ಡ ಕಡಿದಲ್ಲಿ ಗೋಡೆಯಂತೆ ಉಳಿದ ಮಣ್ಣಿನ ಬರೆಯನ್ನು ಕೊಡೆಯ ತುದಿಯಿಂದ ಚುಚ್ಚಿ ನೋಡುತ್ತಿದ್ದರು.

ಮೂರನೆಯ ಮನೆ ಜಗಲಿ ಕಂಡೇ ನನಗೆ ಹಿಡಿಸಿತ್ತು. ಬಾಡಿಗೆಯೂ ಕಡಿಮೆ. ಆದರೆ ಕೊಡೆ ಅರ್ಧದವರೆಗೆ ಮಣ್ಣಿಗೆ ಇಳಿಯಿತು. ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

"ಇದು ಬೇಡ. ಮಳೆಗಾಲದಲ್ಲಿ ಬರೆ ಜರಿಯುವ ಹೆದರಿಕೆಗೆ ನಿಮಗೆ ನಿದ್ದೆ ಬರ್ಲಿಕ್ಕಿಲ್ಲ."

ಕೊನೆಗೆ ಸಮತಟ್ಟು ಜಾಗದಲ್ಲಿ ಎರಡು ಕೋಣೆಯ ಮನೆ ಕೊಡಿಸಿದರು. ಕರಾರುಪತ್ರಕ್ಕೆ ಸಾಕ್ಷಿ ಸಹಿ ಹಾಕಿಸಲು ಜೂನ್‌ನಲ್ಲಿ ಅವರ ಮನೆಗೆ ಹೋದೆ. ಅದೂ ಬಾಡಿಗೆಯದ್ದೇ. ಅಡುಗೆಮನೆಯ ಗೋಡೆಗೆ ತಾಗಿದಂತೆ ಎತ್ತರದ ಬರೆ, ಅದರ ಮೇಲೆ ನೀಲಿ ಟಾರ್ಪಾಲು. ನಾನು ನೋಡುತ್ತಾ ನಿಂತೆ.

"ಹಿಂದೆ ನೋಡ್ಬೇಡಿ ಸಾರ್" ಎಂದರು, "ಒಳಗೆ ಬನ್ನಿ."