ಮಂದ್ರ ಷಡ್ಜಕ್ಕೆ ಓಗೊಟ್ಟ ತೋಳ

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳ ಕನ್ನಡ ಬಳಗಕ್ಕೆ ನಮಸ್ಕಾರ. ಮಕ್ಕಳ ಕಿರುಚಿತ್ರಕ್ಕೆ ಕಾರು, ಕ್ಯಾಮೆರಾ, ಬುತ್ತಿ ಎಲ್ಲವನ್ನೂ ಒದಗಿಸಿದ ಹಿರಿಯರಿಗೆ ಮೊದಲ ವಂದನೆ.

ಕಳೆದ ತಿಂಗಳು ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿರುವ ನಮ್ಮ ಕನ್ನಡ ಶಾಲೆಯ ಐವರು ಮಕ್ಕಳೊಂದಿಗೆ ಊರಾಚೆಯ ಒಂದು ಪ್ರಾಣಿಧಾಮಕ್ಕೆ ಹೋಗಿದ್ದೆ. ಅಲ್ಲಿ ಚಿತ್ರೀಕರಣಕ್ಕೆಂದೇ ಸಾಕಿದ ಒಂದು ಬೂದು ತೋಳವಿದೆ. ಕಣ್ಣು ತೆರೆಯುವ ಮುನ್ನವೇ ತಾಯಿಯಿಂದ ಬೇರೆಯಾಗಿ, ಪಾಲಕಿ ಕೇಟ್ ಕೈಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದದ್ದು.

ನಮ್ಮ ನಿರ್ದೇಶಕಿ ಹದಿನೈದರ ದಿಶಾ. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಊಳು.

ತೋಳ ಮಾತ್ರ ಎರಡು ಗಂಟೆ ಸೊಗಸಾಗಿ ನಿದ್ರಿಸಿತು!

ಮಕ್ಕಳು ಊಳಿಟ್ಟರು. ಎಂಜಿನಿಯರ್ ಆಗಿ ಇಷ್ಟು ವರ್ಷ ಗಳಿಸಿದ ಮರ್ಯಾದೆಯನ್ನು ಬದಿಗಿಟ್ಟು ನಾನೂ ಊಳಿಟ್ಟೆ. ಅದು ಒಂದು ಕಿವಿ ಅಲುಗಿಸಿ ಮಗ್ಗುಲು ಬದಲಿಸಿತು.

"ಅಂಕಲ್, ದ ವುಲ್ಫ್ ಈಸ್ ಎಂಬ್ಯಾರಸ್ಡ್ ಫಾರ್ ಯೂ," ಎಂದಳು ದಿಶಾ.

ಆಗ ಜೊತೆಗೆ ಬಂದಿದ್ದ ನಮ್ಮ ಸಂಗೀತದ ಟೀಚರ್ ವಸುಧಾ ಆಂಟಿ ಚಿತ್ರಾನ್ನದ ಡಬ್ಬಿ ಕೆಳಗಿಟ್ಟರು. "ಸರೀರಿ ಆ ಕಡೆ, ಶ್ರುತೀನೇ ಸೇರ್ತಿಲ್ಲ ನಿಮ್ದು" ಎಂದವರೇ ಬೇಲಿಯ ಮುಂದೆ ನಿಂತು ಮಂದ್ರ ಷಡ್ಜ ಹಿಡಿದರು.

ದೀರ್ಘವಾದ ಸಾ...

ತೋಳ ಎದ್ದಿತು. ಕತ್ತೆತ್ತಿತು. ಊಳಿಟ್ಟೇಬಿಟ್ಟಿತು!

"ಪರವಾಗಿಲ್ಲ," ಎಂದರು ಆಂಟಿ, "ನನ್ನ ಶನಿವಾರದ ಬ್ಯಾಚ್‌ಗಿಂತ ವಾಸಿ."

ಒಂದೇ ವಾರದಲ್ಲಿ ದಿಶಾ ಚಿತ್ರ ಸಿದ್ಧಪಡಿಸಿದಳು. ಬೇಲಿ ಮಾಯ, ಆಂಟಿ ಮಾಯ. ಹಿಂದೆ ಹಿಮದ ಬೆಟ್ಟ, ಮೇಲೆ "ಕಾಡಿನ ಸ್ವತಂತ್ರ ದೊರೆ" ಎಂಬ ಬರಹ. "ಅದ್ಭುತ ಕಣಮ್ಮ!" ಎಂದು ಹಿಗ್ಗಿದೆ. ಹಾಗೆ ಕತ್ತರಿಸುವುದನ್ನು ಕಲಿಸಿದವನೂ ನಾನೇ.

ಒಪ್ಪಿಗೆಗಾಗಿ ಕೇಟ್‌ಗೆ ಕಳುಹಿಸಿದೆವು. ಗುರುವಾರ ಉತ್ತರ ಬಂತು. ಚಿತ್ರ ಸುಂದರವಾಗಿದೆ, ಆದರೆ ಈ ತೋಳ ಒಂದು ದಿನವೂ ಬೇಲಿಯಾಚೆ ಬದುಕಿಲ್ಲ. ಕಾಡಿನದೆಂದು ತೋರಿಸುವುದಾದರೆ ಒಪ್ಪಿಗೆಯಿಲ್ಲ.

ಪ್ರದರ್ಶನ ಭಾನುವಾರ!

ದಿಶಾಳ ಕಣ್ಣಲ್ಲಿ ನೀರು. ಅದು ಅವಳ ಮೊದಲ ಚಿತ್ರ. ಬೇಲಿ ಬಂದರೆ ಬರೀ ಝೂ ವಿಡಿಯೋ ಆಗಿಬಿಡುತ್ತದೆ, ಯಾರು ನೋಡುತ್ತಾರೆ ಎಂಬುದು ಅವಳ ಸಂಕಟ. ತಪ್ಪು ನನ್ನದೆಂದು ಒಪ್ಪಿಕೊಂಡೆ... ಮುಂದಿನದನ್ನು ಅವಳಿಗೇ ಬಿಟ್ಟೆ.

ಅವಳು ತಾನೇ ಕಿತ್ತೆಸೆದಿದ್ದ ತುಣುಕುಗಳನ್ನೆಲ್ಲ ಮತ್ತೆ ನೋಡಿದಳು. ಹಿಮದ ಬೆಟ್ಟ ತೆಗೆದು ಬೇಲಿಯನ್ನೂ ಆಂಟಿಯನ್ನೂ ಚಿತ್ರಕ್ಕೆ ವಾಪಸ್ ತಂದಳು. ಕೊನೆಗೆ ಇನ್ನೊಂದು ದೃಶ್ಯ ಸೇರಿಸಿದಳು: ತೋಳ ಬೇಲಿಯ ಉದ್ದಕ್ಕೂ ಹೋಗುತ್ತದೆ, ಬರುತ್ತದೆ. ನಡೆದು ನಡೆದು ಅಲ್ಲಿ ಹುಲ್ಲೇ ಇಲ್ಲ.

ಈ ಸಲ ಕೇಟ್ ಒಪ್ಪಿದರು. ಭಾನುವಾರ ಆಂಟಿಯ ಷಡ್ಜಕ್ಕೆ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಆಮೇಲೆ ಆ ಸವೆದ ದಾರಿ ಬಂತು.

ಬಿಸಿಬೇಳೆಬಾತ್ ಆರುತ್ತಿದ್ದರೂ ಯಾರೂ ಊಟಕ್ಕೇಳಲಿಲ್ಲ. ಹಿರಿಯರೊಬ್ಬರು ಕೇಳಿದರು: "ಹೀಗೆ ಸಾಕಿದ್ದಕ್ಕೆ ತಾನೇ ಕಾಡಿನ ತೋಳಗಳಿಗೆ ಕ್ಯಾಮೆರಾ ಕಾಟ ತಪ್ಪೋದು?"

ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ದಿಶಾ ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು: "ಹೌದು ಅಂಕಲ್. ಆದ್ರೆ... ಈ ತೋಳವನ್ನ ಯಾರೂ ಕೇಳ್ಲಿಲ್ಲ."

ಇಬ್ಬರ ಮಾತೂ ನನಗೆ ನಿಜವೆನಿಸಿತು. ಈಗಲೂ ಅನಿಸುತ್ತಿದೆ.

ಆದ್ದರಿಂದ ಪರ್ತ್‌ನ ಪಿಯಾರಾ ವಾಟರ್ಸ್ ಮಕ್ಕಳೇ, ನೀವು ಸಾಕಿ ಚಿತ್ರೀಕರಿಸುವುದರ ಪರ. ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್ ಮಕ್ಕಳೇ, ನೀವು ವಿರೋಧ. ಶನಿವಾರ ಆರ್ವೋ, ಅಂದರೆ ಮಧ್ಯಾಹ್ನ, ವಿಡಿಯೋ ಕಾಲ್‌ನಲ್ಲಿ ವಾದ, ದಿಶಾಳೇ ತೀರ್ಪುಗಾರ್ತಿ, ಹಿರಿಯರೆಲ್ಲ ಮ್ಯೂಟ್.

ನಿಮ್ಮ ವಾದದ ಮೊದಲ ವಾಕ್ಯವನ್ನು ಇವತ್ತೇ ಬರೆಯಿರಿ ಮಕ್ಕಳೇ, ಶುರುಮಾಡೋಣ!